ಹದಿಮೂರನೆಯ ಸೆಮಿಸ್ಟರ್

ಟೆಕ್ಸಸ್ಸಿನ ದಕ್ಷಿಣದ ತುದಿ, ವೆಸ್ಲಾಕೊ. ಅಲ್ಲಿನ ಒಂದು ಶಾಲೆಯಲ್ಲಿ ಡೆಲ್ಫಿನಾ ಅರೆಡೊಂಡೊ ಹನ್ನೊಂದು ವರ್ಷದಿಂದ ಶಿಶುತರಗತಿಯ ಸಹಾಯಕಿ. ಮೂಗು ಒರೆಸುವುದು, ಸಾಲಾಗಿ ನಿಲ್ಲಿಸುವುದಷ್ಟೇ ಅವಳ ಕೆಲಸವೆಂದು ಕಾಗದದಲ್ಲಿದ್ದರೂ, ಸ್ಪ್ಯಾನಿಷ್ ಬಿಟ್ಟು ಬೇರೆ ಮಾತು ಬಾರದ ಮಕ್ಕಳಿಗೆ ಇಂಗ್ಲಿಷ್ ಅಕ್ಷರ ಹತ್ತಿಸುತ್ತಿದ್ದವಳು ಅವಳೇ. ಟೀಚರ್ ಆಗಬೇಕೆಂದು ಸಂಜೆ ಕಾಲೇಜಿಗೆ ಹೋಗುತ್ತಿದ್ದಳು.

ಓದು ನೆಟ್ಟಗೆ ಸಾಗಲಿಲ್ಲ. ಹದಿನೆಂಟಕ್ಕೆ ಅಪ್ಪನ ಹಟಕ್ಕೆ ನರ್ಸಿಂಗ್ ಸೇರಿದಳು. ರಕ್ತ ಕಂಡರೆ ತಲೆ ಸುತ್ತುತ್ತಿತ್ತು. ಎರಡು ವರ್ಷಕ್ಕೆ ಬಿಟ್ಟಳು. ಮುಂದೆ ಟೀಚರ್ ಓದಿಗೆ ಸೇರಿ ಗಣಿತಕ್ಕೆ ಎರಡು ಸಲ ಕೂತಳು. ಅಮ್ಮನ ಕಿಡ್ನಿ ಕೈಕೊಟ್ಟಾಗ ಒಂದು ಸೆಮಿಸ್ಟರ್ ಅರ್ಧಕ್ಕೇ ನಿಂತಿತು. ಮೂವತ್ತನಾಲ್ಕನೇ ವಯಸ್ಸಿಗೆ ಉಳಿದದ್ದು ಒಂದೇ ಸೆಮಿಸ್ಟರ್: ಇರುವ ಕೆಲಸ ಬಿಟ್ಟು, ನಾಲ್ಕು ತಿಂಗಳು ಸಂಬಳವಿಲ್ಲದೆ ಪಾಠ ಮಾಡಿ ತೋರಿಸಬೇಕು.

ಜುಲೈನಲ್ಲಿ ಕಾಲೇಜಿನಿಂದ ಪತ್ರ ಬಂತು. ಇಷ್ಟು ವರ್ಷ ಅವಳನ್ನು ಓದಿಸಿದ್ದ ಸರ್ಕಾರದ ಸಹಾಯಧನ ಇನ್ನಿಲ್ಲ ಎಂದಿತ್ತು. ಅವಳೇನೂ ಗಾಬರಿಯಾಗಲಿಲ್ಲ. ಹಿಂದೊಮ್ಮೆ ಇಂಥದೇ ಪತ್ರ ಬಂದಾಗ ಅಮ್ಮನ ಆಸ್ಪತ್ರೆ ಚೀಟಿಗಳನ್ನಿಟ್ಟು ಮನವಿ ಕೊಟ್ಟಿದ್ದಳು, ಒಪ್ಪಿದ್ದರು. ಅದೇ ಫೈಲು ಹಿಡಿದು ಹೋದಳು.

ಕಚೇರಿಯ ಒಕಾನ್ಯಾಸ್ ವಯಸ್ಸಾದವರು, ಒರಟರಲ್ಲ. ಫೈಲನ್ನು ತೆರೆಯಲೇ ಇಲ್ಲ.

"ಅವತ್ತಿಂದು ನಮ್ಮ ಕಾಲೇಜಿನ ಮಿತಿ ಕಣಮ್ಮ, ನಾವೇ ಸಡಿಲ ಮಾಡಿದ್ವಿ. ಇದು ಹಾಗಲ್ಲ, ಸರ್ಕಾರದ್ದು. ಒಬ್ಬರಿಗೆ ಜನ್ಮಕ್ಕೆ ಹನ್ನೆರಡು ಸೆಮಿಸ್ಟರಿಗೆ ದುಡ್ಡು, ಅಷ್ಟೇ. ಹನ್ನೆರಡೂ ಮುಗಿದಿವೆ. ಇದಕ್ಕೆ ಅರ್ಜಿ ಅಂತಾನೇ ಇಲ್ಲ."

"ನರ್ಸಿಂಗ್ ಓದಿದ್ದೂ ಸೇರುತ್ತಾ ಸರ್? ಅದರಿಂದ ನಂಗೇನೂ ಬರಲಿಲ್ಲವಲ್ಲ."

"ಎಲ್ಲಾ ಸೇರುತ್ತೆ. ಅರ್ಧಕ್ಕೆ ಬಿಟ್ಟಿದ್ದೂನು."

ಸಾಲದ ಹಾಳೆಯೊಂದನ್ನು ಅವಳ ಮುಂದಿಟ್ಟರು. ಸಾಲ ಫೀಸಿಗೇನೋ ಆದೀತು. ಆದರೆ ಫೀಸು ಕಟ್ಟಿ ಮಿಗುವ ಸಹಾಯಧನದಲ್ಲೇ ಆ ನಾಲ್ಕು ತಿಂಗಳ ಬಾಡಿಗೆ ತೂಗಿಸಿಕೊಳ್ಳೋಣ ಎಂದುಕೊಂಡಿದ್ದಳು ಅವಳು. ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು, ಥ್ಯಾಂಕ್ಸ್ ಹೇಳಿ ಎದ್ದಳು.

ಅಲ್ಲಿಂದ ಅಮ್ಮನನ್ನು ಕರೆದುಕೊಂಡು ಬರಲು ಡಯಾಲಿಸಿಸ್ ಕೇಂದ್ರಕ್ಕೆ ಹೋದಳು. ಪಕ್ಕದ ಕುರ್ಚಿಗಳವರಿಗೆಲ್ಲ ಮಗಳು ಟೀಚರ್ ಆಗುತ್ತಾಳೆಂದು ಅಮ್ಮ ಹೇಳಿಕೊಂಡಿದ್ದಳು. ಕಾರು ಹತ್ತಿದ ಮೇಲೆ ಡೆಲ್ಫಿನಾ ವಿಷಯ ತಿಳಿಸಿದಳು.

"ನನ್ನಿಂದಾನೇ ಆಗಿದ್ದು, ಅಲ್ವಾ ಮಗಳೇ?"

"ಇಲ್ಲಮ್ಮ. ನರ್ಸಿಂಗ್‌ನಿಂದ."

ತೀರಿಕೊಂಡ ಅಪ್ಪನ ತಲೆಗೆ ಕಟ್ಟಿದ್ದಕ್ಕೆ ಅವಳಿಗೆ ನಾಚಿಕೆಯಾಯಿತು. ಆದರೂ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಆಗಸ್ಟಿನಲ್ಲಿ ಅವಳ ತರಗತಿಗೆ ಹೊಸ ಟೀಚರ್ ಬಂದಳು. ಮರಿಸ್ಸಾ ಎಂದು ಹೆಸರು, ವಯಸ್ಸು ಇಪ್ಪತ್ತೆರಡು. ಮೊದಲ ವಾರ ಮಕ್ಕಳು ಅತ್ತರೆ ಅವಳೂ ಅಳುವಂತಾಗುತ್ತಿದ್ದಳು. ಡೆಲ್ಫಿನಾ ಪಕ್ಕದಲ್ಲಿ ನಿಂತು, ಯಾವ ಮಗುವನ್ನು ಯಾರ ಹತ್ತಿರ ಕೂರಿಸಬೇಕು, ಯಾವಾಗ ದನಿ ತಗ್ಗಿಸಬೇಕು ಎಂದು ಒಂದೊಂದೇ ಹೇಳಿಕೊಟ್ಟಳು.

ಒಂದು ದಿನ ಮರಿಸ್ಸಾ ಮೆಚ್ಚಿಕೊಂಡೇ ಕೇಳಿದಳು, "ನೀವ್ಯಾಕೆ ಟೀಚರ್ ಆಗಲಿಲ್ಲ ಮಿಸ್?"

"ತುಂಬಾ ವರ್ಷ ಓದ್ಬಿಟ್ಟೆ," ಎಂದಳು ಡೆಲ್ಫಿನಾ.

ತಮಾಷೆಯೆಂದುಕೊಂಡು ಹುಡುಗಿ ನಕ್ಕಳು. ಡೆಲ್ಫಿನಾ ಬಿಡಿಸಿ ಹೇಳಲು ಹೋಗಲಿಲ್ಲ. ಗಂಟೆ ಹನ್ನೊಂದಾಗಿತ್ತು, ಮಕ್ಕಳನ್ನು ಊಟಕ್ಕೆ ಕರೆದುಕೊಂಡು ಹೋದಳು.