ಧಾರಾವಾಹಿ ಬಿಡಿಸುವ ಮೇಷ್ಟ್ರು
ನಮ್ಮ ಕಾಲೇಜಿನಲ್ಲಿ ಮಾಧ್ಯಮದ ಪಾಠ ಮಾಡುತ್ತಿದ್ದ ಮೇಷ್ಟ್ರಿಗೆ ಟಿವಿ ಧಾರಾವಾಹಿಯನ್ನು ಸುಮ್ಮನೆ ನೋಡುವುದೇ ಗೊತ್ತಿರಲಿಲ್ಲ. ತರಗತಿಯ ಪರದೆಯ ಮೇಲೆ ಯಾವಳೋ ಸೊಸೆ ಅಳುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ, "ಕ್ಯಾಮೆರಾ ಇವಳ ಮೂಗಿನ ತುದೀಗೆ ಯಾಕೆ ಬಂತು, ಹೇಳ್ರಪ್ಪಾ?" ಎನ್ನುವರು, ನಾವು ಬಾಯಿ ತೆರೆಯುವ ಮೊದಲೇ "ಮುಂದೆ ಸೋಪಿನ ಜಾಹೀರಾತಿದೆ, ಅದಕ್ಕೆ!" ಎಂದು ತಾವೇ ಮೇಜು ಕುಟ್ಟುವರು. ನಟ ಸಂಬಳ ಜಾಸ್ತಿ ಕೇಳಿದರೆ ಪಾತ್ರಕ್ಕೆ ಅಪಘಾತ, ನೋಡುವವರು ಕಡಿಮೆಯಾದರೆ ಕಥೆಯಲ್ಲೊಂದು ಮದುವೆ, ಇದು ಅವರ ಸಿದ್ಧಾಂತ. ಮನೆಯಲ್ಲಿ ಧಾರಾವಾಹಿ ನೋಡುತ್ತಾ ಹೆಂಡತಿ ಕಣ್ಣೊರೆಸಿಕೊಂಡರೂ ಬಿಡುತ್ತಿರಲಿಲ್ಲ. "ಅದು ಹಿಂದೆ ಬಾರಿಸೋ ಪಿಟೀಲಿನ ಕೆಲಸ ಕಣೇ, ಕಥೇದಲ್ಲ" ಎನ್ನುವರು. "ಸ್ವಲ್ಪ ಹೊತ್ತು ಬಾಯಿ ಮುಚ್ಕೊಂಡಿರ್ತೀರಾ?" ಎಂದು ಆಕೆ ರೇಗುತ್ತಿದ್ದರು. ಆಕೆಗೆ ಕ್ಯಾನ್ಸರ್ ಆಗಿ ಡಾಕ್ಟರು ಕೈಚೆಲ್ಲಿದ ಮೇಲೆ ನಾನು ಆಸ್ಪತ್ರೆಗೆ ನೋಡಲು ಹೋಗಿದ್ದೆ. ಮಲಗಿದ್ದಲ್ಲಿಂದಲೇ ಆಕೆ ಗಂಡನನ್ನು ಕೇಳಿದರು: "ರೀ, ಧಾರಾವಾಹೀಲಿ ಆ ಕಳೆದುಹೋದ ಮಗಳು ತಾಯಿಗೆ ಸಿಗ್ತಾಳಾ? ಅಲ್ಲೀತನಕ ನಾನಿರಲ್ಲ, ಈಗ್ಲೇ ಹೇಳ್ಬಿಡಿ." ಮೇಷ್ಟ್ರು ಕುರ್ಚಿ ಹತ್ತಿರ ಎಳೆದುಕೊಂಡು, ಒಮ್ಮೆ ತಾಯಿಯ ದನಿಯಲ್ಲಿ, ಒಮ್ಮೆ ಮಗಳ ದನಿಯಲ್ಲಿ ಮಾತಾಡುತ್ತಾ, ಇಬ್ಬರೂ ಒಂದಾಗುವ ಕೊನೆಯ ಕಂತನ್ನು ತಾವೇ ಕಟ್ಟಿ ಹೇಳಿದರು. ಆಕೆ ಹೋಗಿ ವರ್ಷ ಕಳೆಯಿತು. ಧಾರಾವಾಹಿ ಇನ್ನೂ ನಡೆಯುತ್ತಿದೆ. ಮೇಷ್ಟ್ರು ದಿನವೂ ಒಬ್ಬರೇ ಕುಳಿತು ನೋಡುತ್ತಾರೆ. ಆ ಮಗಳು ಇನ್ನೂ ಸಿಕ್ಕಿಲ್ಲ.