ಕುಬಸದ ನಂತರ ಸಿಗದವರು

ಪಿನ್‌ಕೋಡು 403ರಿಂದ ಶುರುವಾಗದಿದ್ದರೆ ಟ್ಯಾಬಿನ ಆ ಚೌಕ ಕೆಂಪಗಾಗುತ್ತಿತ್ತು. ಕೆಂಪಗಾದರೆ ಮುಂದಿನ ಪುಟ ತೆರೆಯುತ್ತಿರಲಿಲ್ಲ. ಆಕೆ ತನ್ನ ತವರಿನ ವಿಳಾಸ ಹೇಳುತ್ತಿದ್ದಳು. ನಾನು 586 ಎಂದು ಒತ್ತಿದೆ, ಅಳಿಸಿದೆ, ಮೋತಿ ಡೊಂಗರ ಎಂಬ ಗುಡ್ಡದ ಮೇಲಿನ ಗಂಡನ ಮನೆಯ ವಿಳಾಸವನ್ನೇ ಇನ್ನೊಮ್ಮೆ ಹಾಕಿದೆ. ಪುಟ ತೆರೆಯಿತು.

403 ಗೋವಾದ್ದು. 586 ವಿಜಯಪುರದ್ದು. ಆಕೆಗೆ ಆಗ ಆರನೆಯ ತಿಂಗಳು, ಚೊಚ್ಚಲು.

ಬಸುರಿಯರಲ್ಲಿ ರಕ್ತಹೀನತೆ ಎಷ್ಟಿದೆ, ಯಾವ ಚಿಕಿತ್ಸೆಯಿಂದ ಎಷ್ಟು ಸುಧಾರಿಸುತ್ತದೆ ಎಂದು ನೋಡುವ ಒಂದು ಅಧ್ಯಯನದಲ್ಲಿ ನಾನು ಗುತ್ತಿಗೆಯ ಮೇಲೆ ಕೆಲಸಕ್ಕಿದ್ದೆ. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ್ದೆ. ರಕ್ತ ತೆಗೆಯುವ ತರಬೇತಿಯನ್ನು ಅಲ್ಲಿಯೇ ಕೊಟ್ಟರು. ಅಪ್ಪ ಬಾಗಲಕೋಟೆಯ ಕಡೆಯಿಂದ ಬಂದು ಗೋವಾದ ಫಾತೋರ್ಡಾದಲ್ಲಿ ಟೆಂಪೊ ಓಡಿಸುತ್ತಾರೆ, ಮನೆಯಲ್ಲಿ ಕನ್ನಡ. ಅರ್ಜಿ ಹಾಕಿದವರಲ್ಲಿ ಕನ್ನಡ ಬಲ್ಲವಳು ನಾನೊಬ್ಬಳೇ ಎಂಬುದು ಆಮೇಲೆ ತಿಳಿಯಿತು. ಕೆಲಸ ಸಿಕ್ಕಿದ್ದು ಅದಕ್ಕೇ ಇರಬೇಕು.

ಹಣ ದಿಲ್ಲಿಯಿಂದ ಬರುತ್ತಿತ್ತು. ಅಧ್ಯಯನ ಒಂದೇ, ಕೇಂದ್ರಗಳು ಬೇರೆ ಬೇರೆ ರಾಜ್ಯಗಳಲ್ಲಿ. ಪ್ರತಿ ಕೇಂದ್ರಕ್ಕೂ ಅದರದೇ ಮಂಜೂರಾತಿ, ಅದರದೇ ಗಡಿ. ಗೋವಾದ ಕೇಂದ್ರಕ್ಕೆ ಸೇರಿಸಿಕೊಂಡ ಹೆಂಗಸಿನಿಂದ ಗೋವಾದಲ್ಲೇ ಎರಡು ಸಲ ರಕ್ತ ತೆಗೆಯಬೇಕು: ಆರನೆಯ ತಿಂಗಳಲ್ಲೊಮ್ಮೆ, ಎಂಟನೆಯ ತಿಂಗಳಲ್ಲೊಮ್ಮೆ. ಎರಡನೆಯ ಸಲ ಸಿಗದಿದ್ದರೆ ಟ್ಯಾಬಿನಲ್ಲಿ ಸಂಕೇತ ನಾಲ್ಕು, ಅಂದರೆ ‘ಸಂಪರ್ಕಕ್ಕೆ ಸಿಗದವರು’. ನಾಲ್ಕುಗಳು ಹೆಚ್ಚಾದರೆ ಮುಂದಿನ ವರ್ಷ ಆ ಕೇಂದ್ರವನ್ನು ಇಟ್ಟುಕೊಳ್ಳಬೇಕೇ ಎಂದು ದಿಲ್ಲಿಯ ಸಮಿತಿ ಕೇಳುತ್ತದೆ.

ತರಬೇತಿಯ ದಿನ ಪರದೆಯ ಮೇಲೆ ‘ಎಂಟನೆಯ ತಿಂಗಳು: ಮನೆ ಭೇಟಿ’ ಎಂದು ಓದಿದಾಗ ನನಗೆ ಕೂಡಲೇ ಅಕ್ಕನ ಕುಬಸ ನೆನಪಾಗಿತ್ತು. ನಮ್ಮ ಕಡೆ ಚೊಚ್ಚಲ ಬಸುರಿಗೆ ಏಳರಲ್ಲಿ ತವರಿನವರು ಸೀರೆ ಕುಬಸ ತಂದು, ಉಡಿ ತುಂಬಿಸಿ, ಹೆರಿಗೆಗೆ ಕರೆದುಕೊಂಡು ಹೋಗುತ್ತಾರೆ. ಎಂಟರಲ್ಲಿ ಗಂಡನ ಮನೆಯ ಬಾಗಿಲು ತಟ್ಟಿದರೆ ಅತ್ತೆ ಮಾತ್ರ ಇರುತ್ತಾಳೆ. ಪ್ರಶ್ನೆಗಳಿವೆಯೇ ಎಂದು ಕೇಳಿದರು. ಸಭಾಂಗಣದಲ್ಲಿ ಎಲ್ಲರೂ ನನಗಿಂತ ಹಿರಿಯರು. ಇಷ್ಟು ಸಣ್ಣ ವಿಷಯ ಅವರಿಗೆ ತಿಳಿಯದೇ ಇರುತ್ತದೆಯೇ ಎಂದುಕೊಂಡು ಸುಮ್ಮನೆ ಕೂತೆ.

ಇನ್ನೊಂದು ತೊಡಕೂ ಇತ್ತು. ಬೆರಳು ಚುಚ್ಚಿ ಅಲ್ಲಿಯೇ ರಕ್ತದ ಹಿಮೋಗ್ಲೋಬಿನ್ ಪ್ರಮಾಣ ತೋರಿಸುವ ಸಣ್ಣ ಯಂತ್ರ ನಮ್ಮ ಬಳಿ ಇತ್ತು, ಅದಕ್ಕೆ ಹಾಕುವ ಸ್ಟ್ರಿಪ್‌ಗಳು ಮುಗಿದಿದ್ದವು. ಹಣದ ಎರಡನೆಯ ಕಂತು ಬಂದಿರಲಿಲ್ಲ. ಮೊದಲ ಕಂತು ಸರಿಯಾಗಿ ಬಳಕೆಯಾಗಿದೆ ಎಂದು ಸಹಿ ಹಾಕಬೇಕಾದ ನಮ್ಮ ಸಂಸ್ಥೆಯ ಅಧಿಕಾರಿ ನಿವೃತ್ತರಾಗಿದ್ದರು. ಅವರ ಜಾಗಕ್ಕೆ ಇನ್ನೂ ಯಾರೂ ಬಂದಿರಲಿಲ್ಲ. ಹಾಗಾಗಿ ರಕ್ತದ ಕೊಳವೆಗಳನ್ನು ದಿಲ್ಲಿಯ ಪ್ರಯೋಗಾಲಯಕ್ಕೆ ಕಳಿಸಿ ಕಾಯುತ್ತಿದ್ದೆವು.

ಮೋತಿ ಡೊಂಗರದ ಆಕೆಯ ಫಲಿತಾಂಶ ಬರಲು ಐದು ವಾರ ಹಿಡಿಯಿತು. ಪಟ್ಟಿಯಲ್ಲಿ ಹೆಸರುಗಳಿರುವುದಿಲ್ಲ, ಸಂಖ್ಯೆಗಳಷ್ಟೇ. ಆಕೆಯ ಸಂಖ್ಯೆಯ ಮುಂದೆ 6.1 ಎಂದಿತ್ತು. ಬಸುರಿಗೆ ಹನ್ನೊಂದಾದರೂ ಇರಬೇಕು. ಏಳಕ್ಕಿಂತ ಕೆಳಗಿಳಿದರೆ ಹೆರಿಗೆಯ ಹೊತ್ತಿನಲ್ಲಿ ತಾಯಿಯ ಜೀವಕ್ಕೇ ಅಪಾಯ.

ಆಕೆಗೆ ಸ್ವಂತ ಫೋನಿರಲಿಲ್ಲ. ಗಂಡನ ನಂಬರಿಗೆ ಮೂರು ಸಲ ಮಾಡಿದೆ. ಅವನು ದಾಬೋಲಿಮ್‌ನಲ್ಲಿ ಕಟ್ಟಡದ ಕೆಲಸದ ಮೇಲಿದ್ದ, ಎತ್ತಲಿಲ್ಲ. ಡೊಂಗರ ಹತ್ತಿದೆ.

ಅತ್ತೆ ಹೊಸ್ತಿಲಲ್ಲಿ ಕೂತು ಮಣಿಸರ ಪೋಣಿಸುತ್ತಿದ್ದರು. ಬೀಚಿನಲ್ಲಿ ಮಾರುವ ಸರಗಳು.

“ಬರ್ರಿ ರಕ್ತದ ಬಾಯಿ,” ಎಂದರು. ಆ ಓಣಿಯಲ್ಲಿ ನನಗೆ ಅದೇ ಹೆಸರು. “ಇವತ್ತ ಯಾರ ಪಾಳಿ? ನನ್ನ ಮೈಯಾಗ ಏನೂ ಉಳದಿಲ್ಲ ನೋಡ್ರಿ, ಸಿಟ್ಟೊಂದ ಐತಿ.”

“ಸೊಸಿ ಎಲ್ಲ್ಯದಾರ್ರಿ ಅಮ್ಮಾರ?”

“ಎಲ್ಲಿರತಾಳ? ತವರಮನ್ಯಾಗ. ಹ್ವಾದ ಸ್ವಾಮಾರ ಕುಬಸ ಮಾಡಿ ಕರಕೊಂಡು ಹೋದ್ರು. ಅದಕ್ಕ ಕುಬಸ ಅಂತಾರೇನ್ರಿ? ಐದು ಮಂದಿ ಮುತ್ತೈದೇರ ಮುಂದ ಆ ಸೀರಿ ಬಿಚ್ಚಿ ತೋರಸಾಕ ನನಗ ನಾಚಿಕಿ ಬಂತು. ಸೊಳ್ಳಿ ಪರದೆ ಅದಕ್ಕಿಂತ ದಪ್ಪ ಇರತೈತಿ. ಬೀಗತಿಗೆ ಅಂದೆ. ಆಕಿನೂ ಅಂದ್ಲು. ಅವತ್ತಿಂದ ಮಾತಿಲ್ಲ.”

“ಆಕಿ ಕೂಡ ಮಾತಾಡಬೇಕಾಗಿತ್ರಿ. ಅಲ್ಲೀದು ಫೋನ್ ನಂಬರ್ ಬೇಕು.”

“ಯಾಕ?”

“ಪರೀಕ್ಷಾದ್ದು ಬಂದೈತ್ರಿ. ಆಕಿಗೇ ಹೇಳಬೇಕು.”

“ನನಗ ಹೇಳ್ರಿ. ಮುಟ್ಟಸ್ತೀನಿ.”

“ನಿಮಗ ಹೇಳಾಕ ಬರಂಗಿಲ್ರಿ. ಬ್ಯಾರೇದವರಿಗೆ ಹೇಳಂಗಿಲ್ಲಂತ ಸಹಿ ಮಾಡೇನಿ.”

ಮಣಿ ಪೋಣಿಸುತ್ತಿದ್ದ ಕೈ ನಿಂತಿತು. “ಬ್ಯಾರೇದವರು,” ಎಂದರು. “ನಾ ಬ್ಯಾರೇದಾಕಿ. ಆ ರಕ್ತ ಹೋಗಿದ್ದೆಲ್ಲಿಗೆ?”

“ದಿಲ್ಲಿಗ್ರಿ.”

“ಅಂದ್ರ ದಿಲ್ಲಿಯವರು ನಮ್ಮವರು. ಚಲೋ ಆತು ಬಿಡ್ರಿ.”

ಅವರು ನನ್ನನ್ನೇ ನೋಡುತ್ತಿದ್ದರು.

“ಕೆಟ್ಟದೇನು?”

“ಅಲ್ಲೀದು ನಂಬರ್ ಕೊಡ್ರಿ,” ಎಂದೆ.

“ಮಾರೀನ ಹೇಳತೈತಿ,” ಎಂದು ಕುಪ್ಪಸದಿಂದ ಫೋನು ತೆಗೆದು, ನಂಬರು ಒತ್ತಿ ನನ್ನ ಕೈಗೆ ಕೊಟ್ಟರು. “ನಾ ಮಾತಾಡಂಗಿಲ್ಲ. ನೀವ ಮಾತಾಡ್ರಿ.”

ಫೋನು ಎತ್ತಿದ್ದು ಸೊಸೆಯೇ. “ಅತ್ತೀ?” ಎಂದಳು, ನಂಬಲಾಗದವಳ ಹಾಗೆ. ನಾನು ಯಾರೆಂದು ಹೇಳಿದೆ.

ಫಲಿತಾಂಶವನ್ನು ಇತರರ ಕಿವಿಗೆ ಬೀಳದ ಜಾಗದಲ್ಲಿ ತಿಳಿಸಬೇಕು ಎಂದು ನಮ್ಮ ನಿಯಮ. ಅದು ಒಂದೇ ಖೋಲಿಯ ಮನೆ. ಹೊರಗೆ ನಾಲ್ಕು ಹೆಜ್ಜೆ ಹೋದೆ, ನಲ್ಲಿಯ ಮುಂದೆ ಏಳೆಂಟು ಕೊಡಗಳ ಸಾಲಿತ್ತು. ಒಳಗೆ ಬಂದೆ. ಅತ್ತೆ ಮಣಿಯ ಡಬ್ಬಿಯನ್ನು ಬದಿಗಿಟ್ಟು ಕೂತಿದ್ದರು. ಫೋನಿನ ದನಿ ಬೇರೆ ದೊಡ್ಡದಾಗಿತ್ತು, ತಗ್ಗಿಸುವ ಗುಂಡಿ ಕಿತ್ತುಹೋಗಿತ್ತು.

“ನಿಮ್ಮ ರಕ್ತ ಆರು ಪಾಯಿಂಟ್ ಒಂದು ಐತ್ರಿ,” ಎಂದೆ. “ಹನ್ನೊಂದಿರಬೇಕು. ಗುಳಿಗಿಯಿಂದ ಆಗಂಗಿಲ್ಲ, ರಕ್ತ ಏರಸಬೇಕಾಗತೈತಿ. ಇವತ್ತ ತಾಲೂಕಾ ದವಾಖಾನಿಗೆ ಹೋಗ್ರಿ.”

“ನನಗೇನಾಗಿಲ್ರಿ. ಅಲ್ಲಿದ್ದಾಗ ಎದಿ ಬಡಕೊಂತಿತ್ತು, ಡೊಂಗರದ ಪಾವಟಿಗಿ ಹತ್ತಿ ಹಂಗಾಗತೈತಿ ಅನಕೊಂಡಿದ್ದೆ. ಇಲ್ಲಿ ಎಲ್ಲಾ ಸಪಾಟ ಐತಿ. ಆದ್ರೂ ಬಡಕೋತೈತಿ.”

“ಅದಕ್ಕ ಹೇಳಾಕತ್ತೇನ್ರಿ. ಇವತ್ತ ಹೋಗ್ರಿ.”

“ಇವತ್ತ ಅಮಾಸಿ ಐತ್ರಿ. ಅವ್ವ ಹೊರಗ ಕಳಸಂಗಿಲ್ಲ. ನಾಡದ ನೋಡ್ತೇವಿ...”

ಅತ್ತೆ ನನ್ನ ಕೈಯಿಂದ ಫೋನು ಕಿತ್ತುಕೊಂಡರು.

“ನಿಮ್ಮವ್ವಗ ಕೊಡು. ಕೊಡು ಅಂದ್ನೆಲ್ಲ... ಬೀಗತಿ, ನಾನು. ಸೀರಿ ಮಾತು ಆಮ್ಯಾಲ. ಈ ಹುಡುಗಿ ಮೈಯಾಗ ರಕ್ತ ಇಲ್ಲಂತ. ಅಮಾಸಿ ಗಿಮಾಸಿ ಎಲ್ಲಾ ನನ್ನ ತಲಿ ಮ್ಯಾಲಿರಲಿ, ಈಗಿಂದೀಗ ಗಾಡಿ ಮಾಡಕೊಂಡು ಹೋಗ್ರಿ... ಹೌದವಾ, ನಿನ್ನ ಮಗಳು. ಯಾರು ಇಲ್ಲಂದ್ರು? ನನ್ನ ಸೊಸಿನೂ ಹೌದು... ಕಟ್ ಮಾಡು, ಹೊತ್ತಾಗತೈತಿ.”

ಫೋನನ್ನು ಕುಪ್ಪಸದೊಳಗೆ ಇಟ್ಟುಕೊಂಡು ನನ್ನ ಕಡೆ ತಿರುಗಿದರು. “ನಿಮ್ಮ ಸಹಿ ಮುರೀತೇನು?”

“ಮುರೀತ್ರಿ.”

“ನಾ ಯಾರಿಗೂ ಹೇಳಂಗಿಲ್ಲ. ಬ್ಯಾರೇದಾಕಿ ಅದೀನಿ.”

ಮಧ್ಯಾಹ್ನ ಕಚೇರಿಗೆ ಹೋಗಿ ನಮ್ಮ ಕೇಂದ್ರದ ಮುಖ್ಯಸ್ಥೆಗೆ ಎಲ್ಲವನ್ನೂ ಹೇಳಿದೆ. ಅವರು ಕೊಂಕಣಿಯವರು, ವೈದ್ಯೆ. ಮೂರನೆಯವರ ಕಿವಿಗೆ ಬಿದ್ದದ್ದನ್ನು ನಿಯಮ ತಪ್ಪಿದ ಪ್ರಕರಣಗಳ ರಿಜಿಸ್ಟರಿನಲ್ಲಿ ಬರೆಸಿದರು. ನಾನು ಸಹಿ ಹಾಕಿದೆ.

“ಆಕೆಯ ಎರಡನೆಯ ರಕ್ತವನ್ನು ಅಲ್ಲಿಯೇ ಯಾರಾದರೂ ತೆಗೆಯಬಹುದಲ್ಲವೇ?” ಎಂದು ಕೇಳಿದೆ. “ಕರ್ನಾಟಕದಲ್ಲೂ ನಮ್ಮ ಕೇಂದ್ರ ಇದೆ.”

“ಅದು ಬೇರೆ ಜಿಲ್ಲೆಯಲ್ಲಿದೆ. ಅದೇ ಜಿಲ್ಲೆಯಲ್ಲಿದ್ದರೂ ಆಕೆ ನಮ್ಮ ಮಂಜೂರಾತಿಯವಳು, ಅವರು ಮುಟ್ಟುವ ಹಾಗಿಲ್ಲ. ಸಂಕೇತ ನಾಲ್ಕು ಹಾಕು.”

“ಇವತ್ತು ಬೆಳಿಗ್ಗೆ ನಾನು ಆಕೆಯೊಡನೆ ಮಾತಾಡಿದ್ದೇನೆ ಮೇಡಂ.”

“ಗೊತ್ತು. ಆದರೂ ನಾಲ್ಕೇ.” ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಇವರಲ್ಲಿ ಎಷ್ಟು ಜನ ಹೀಗೆ ಹೋಗುತ್ತಾರೆ?”

“ಚೊಚ್ಚಲಿನವರು ಬಹುತೇಕ ಎಲ್ಲರೂ.”

“ನಿನಗೆ ಮೊದಲೇ ಗೊತ್ತಿತ್ತೇ?”

“ಗೊತ್ತಿತ್ತು. ತರಬೇತಿಯ ದಿನವೇ.”

ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ದಿಲ್ಲಿಗೆ ಕಳಿಸುವ ವರದಿಯಲ್ಲಿ ಕಾರಣ ಬರೆಯಲು ಇರುವುದು ಒಂದು ಸಾಲು, ಅದರಲ್ಲಿ ಇದು ಹಿಡಿಸುವುದಿಲ್ಲ ಎಂದರು. “ಒಂದು ಪುಟ ಬರೆದುಕೊಡು, ಲಗತ್ತಿಸುತ್ತೇನೆ. ಅವರು ಟ್ಯಾಬನ್ನು ಯಾವಾಗ ಬದಲಿಸುತ್ತಾರೋ ಗೊತ್ತಿಲ್ಲ. ಅಲ್ಲಿಯವರೆಗೆ ತವರಿನ ವಿವರವನ್ನು ಕಾಗದದ ಮೇಲೆ ತಗೋ. ಆದರೆ ಒಪ್ಪಿಗೆಯ ಸಹಿ ಇರಬೇಕು.”

ಪುಟವನ್ನು ಮೂರು ಸಲ ಬರೆದೆ. ಕುಬಸ ಎಂಬುದಕ್ಕೆ ಇಂಗ್ಲಿಷಿನಲ್ಲಿ ಪದ ಸಿಗಲಿಲ್ಲ. ಕೊನೆಗೆ ಹಾಗೆಯೇ ಬರೆದು, ಪಕ್ಕದಲ್ಲಿ ಎರಡು ವಾಕ್ಯ ವಿವರಣೆ ಕೊಟ್ಟೆ. ನನಗೆ ಮೊದಲೇ ತಿಳಿದಿತ್ತು ಎಂಬುದನ್ನೂ ಸೇರಿಸಿದೆ. ಸಂಜೆ ಆರಕ್ಕೆ ಅತ್ತೆಯ ಫೋನು ಬಂತು: “ದವಾಖಾನ್ಯಾಗ ಇಟಗೊಂಡಾರ. ಅಲ್ಲಿ ರಕ್ತ ಇಲ್ಲಂತ, ಜಿಲ್ಲಾದಿಂದ ತರಸಾಕತ್ತಾರ.” ಅದಕ್ಕಿಂತ ಹೆಚ್ಚು ಅವರಿಗೂ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಎಂಟಕ್ಕೆ ಐಸ್ ಪೆಟ್ಟಿಗೆ ಹಿಡಿದು ಡೊಂಗರ ಹತ್ತಿದೆ. ನಲ್ಲಿಯ ಸಾಲಿನಲ್ಲಿ ನಿಂತಿದ್ದ ಅತ್ತೆ ನನ್ನನ್ನು ದೂರದಿಂದಲೇ ಕಂಡು ಕೂಗಿದರು: “ಒಂದು ಬಾಟ್ಲಿ ಏರಸ್ಯಾರ್ರಿ! ಇನ್ನೊಂದು ಮಧ್ಯಾಹ್ನ!” ಸಾಲಿನಲ್ಲಿದ್ದವರೆಲ್ಲ ತಿರುಗಿ ನನ್ನನ್ನು ನೋಡಿದರು. ಯಾರಿಗೂ ಹೊಸ ಸುದ್ದಿಯಾಗಿ ಕಾಣಲಿಲ್ಲ.

ಅಲ್ಲಿಂದ ಮೇಲಿನ ಓಣಿಗೆ ಹೋದೆ. ಹೊಸದಾಗಿ ಸೇರಿಸಿಕೊಳ್ಳಬೇಕಾದ ಒಬ್ಬಳಿದ್ದಳು, ಐದು ಮುಗಿದು ಆರರಲ್ಲಿ ಬಿದ್ದಿದ್ದಳು. ಚಾಪೆ ಹಾಸಿ ಕೂರಿಸಿದಳು. ಟ್ಯಾಬನ್ನು ಚೀಲದಲ್ಲೇ ಬಿಟ್ಟು ಬಿಳಿಹಾಳೆ ತೆಗೆದೆ.

“ತವರು ಯಾವೂರ್ರಿ? ಕುಬಸ ಯಾವಾಗ ಮಾಡ್ತಾರ? ಅಲ್ಲಿ ಯಾರ ಕಡೆ ಫೋನ್ ಐತಿ?”

ಅವಳು ಊರು, ತಾಲೂಕು, ಅಣ್ಣನ ನಂಬರು ಹೇಳಿದಳು. ಬರೆದುಕೊಂಡೆ, ಓದಿ ಹೇಳಿದೆ, ಕೆಳಗೆ ಸಹಿ ಮಾಡಿಸಿಕೊಂಡೆ. ಆಮೇಲೆ ಟ್ಯಾಬ್ ತೆರೆದು 403 ಎಂದು ಒತ್ತಿದೆ.