ಗೆರೆಗಳು ಕೂಡುವಲ್ಲಿ ಬಿಸಿನೀರು

"ಸತ್ಯಭಾಮಮ್ಮನ ಮನೇಲಿ ಗೀಜರ್ ಕೆಟ್ಟು ಮೂರು ತಿಂಗಳಾಯ್ತು. ಆಯಮ್ಮ ಮಾತ್ರ ಹಿಮಾಲಯದ ಬಿಸಿನೀರು ಹುಡುಕ್ತಾರಂತೆ!" ಎಂದು ತಿಲಕ್ ನಗರದ ಆ ಬೀದಿಯವರು ಆಡಿಕೊಳ್ಳುತ್ತಿದ್ದರು.

ಸುಳ್ಳೇನಲ್ಲ. ಭೂವಿಜ್ಞಾನದ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸ ಆಕೆಯದು. ನೆಲದೊಳಗಿನ ಬಿರುಕಿಗೆ ಕಪ್ಪು ಗೆರೆ, ಬಿಸಿನೀರಿನ ಬುಗ್ಗೆಗೆ ಕೆಂಪು ಚುಕ್ಕೆ. ಇಪ್ಪತ್ತೆರಡು ವರ್ಷ ಚುಕ್ಕೆ ಇಟ್ಟರೂ ಒಂದೇ ಒಂದು ಬುಗ್ಗೆಯನ್ನು ಕಣ್ಣಾರೆ ಕಂಡವರಲ್ಲ.

೧೯೯೭ರ ಬೇಸಿಗೆಯಲ್ಲಿ ಭೂವಿಜ್ಞಾನಿ ತಿರುಮಲೇಶ ಹಿಮಾಲಯದಿಂದ ಸಪ್ಪೆ ಮುಖ ಹೊತ್ತು ಬಂದರು. ಕಣಿವೆಯುದ್ದಕ್ಕೂ ಹಾಯ್ದ ದೊಡ್ಡ ಬಿರುಕಿನ ನಟ್ಟನಡುವೆ ಬಿಸಿನೀರಿಗೆಂದು ಎರಡು ಬಾವಿ ಕೊರೆಸಿದ್ದರು. ಎರಡರಲ್ಲೂ ತಣ್ಣನೆಯ ಕಲ್ಲುಪುಡಿಯೇ. ಇನ್ನೊಂದಕ್ಕೆ ಮಾತ್ರ ಅನುಮತಿಯಿತ್ತು. ಅದೂ ಕೈಕೊಟ್ಟರೆ ಅವರ ಹತ್ತು ವರ್ಷದ ಕೆಲಸಕ್ಕೆ ಬೀಗ.

ಅದೇ ವಾರ ಸತ್ಯಭಾಮಾ ಕೊನೆಗೂ ರಿಪೇರಿಯ ತಿಪ್ಪಣ್ಣನನ್ನು ಕರೆಸಿದರು. ಅವನು ಪೈಪು ಬಿಚ್ಚಿ ತೋರಿಸಿದ.

"ನೋಡಿ ಅಕ್ಕ, ಬೋರ್ ನೀರಿನ ಸುಣ್ಣ ಕಟ್ಕೊಂಡು ಪೈಪೇ ಮುಚ್ಚೋಗಿದೆ. ಬಿಸಿನೀರು ತನ್ನ ದಾರೀನ ತಾನೇ ಮುಚ್ಕೊಳ್ಳುತ್ತೆ."

"ಮತ್ತೆ ಇಲ್ಲಿ ತೊಟ್ಟಿಕ್ತಾ ಇದೆಯಲ್ಲಪ್ಪಾ?"

"ಅದು ಎರಡು ಪೈಪು ಕೂಡೋ ಜಾಗ. ಯಾವಾಗ್ಲೂ ಅಲುಗಾಡ್ತಿರುತ್ತೆ, ಸುಣ್ಣ ನಿಲ್ಲಲ್ಲ."

ಆ ಮಾತಿನ ಗುಂಗಿನಲ್ಲಿ ಸತ್ಯಭಾಮಾ ಅವರ ಕೈಯಲ್ಲಿದ್ದ ಕಾಫಿ ಆರಿಹೋಯಿತು. ಮರುದಿನ ಆಕೆ ತಿರುಮಲೇಶರ ಮುಂದೆ ನಕ್ಷೆ ಹಾಸಿದರು.

"ಸಾರ್, ದೊಡ್ಡ ಗೆರೆ ನಡುವೆ ಒಂದಾದ್ರೂ ಚುಕ್ಕೆ ಇದೆಯಾ? ಎಲ್ಲಾ, ಸಣ್ಣ ಗೆರೆ ಬಂದು ಕೂಡೋ ಕಡೆನೇ ಇವೆ. ನಮ್ಮನೆ ಗೀಜರ್ ರಿಪೇರಿಯವನು ತೋರಿಸಿದ ಪೈಪಿನ ಹಾಗೆ ನಡುವಿನ ಬಿರುಕು ಸುಣ್ಣ ಕಟ್ಟಿ ಮುಚ್ಚಿರಬಹುದು. ಕೂಡೋ ಕಡೆ ಅಲುಗಾಡ್ತಾ ತೆರೆದೇ ಇರುತ್ತೆ."

"ಗೀಜರ್ ರಿಪೇರಿಯವನ ಮಾತು ಕೇಳಿ ಬಾವಿ ಕೊರೆಸ್ಲಾ ಮೇಡಂ?"

"ನಮ್ಮನೆ ಗೀಜರ್ ಈಗ ಓಡ್ತಿದೆ ಸಾರ್. ನಿಮ್ಮ ಬಾವಿ?"

ತಿರುಮಲೇಶ ನಕ್ಕುಬಿಟ್ಟರು. ನಕ್ಕು, ನಕ್ಷೆ ಮಡಚಿ ಒಯ್ದರು. ಎರಡು ತಿಂಗಳ ಮೇಲೆ ಕಚೇರಿಗೆ ಅವರ ಫೋನು ಬಂತು: "ಮೇಡಂ, ನೀವು ಹೇಳಿದ ಹಾಗೆ ಗೆರೆ ಕೂಡೋ ಕಡೆ ಕೊರೆಸಿದ್ವಿ, ಕೊಳವೆ ಬಿಸಿ ಹಬೆ ಉಗುಳಿ ಬುಸುಗುಡ್ತಿದೆ! ಒಂದು ದಿನ ನಿಮಗಿದನ್ನ ತೋರಿಸ್ದೇ ಇರಲ್ಲ."

ಆ ದಿನ ಬಂದದ್ದು ೨೦೦೪ರಲ್ಲಿ, ಆಕೆ ನಿವೃತ್ತರಾದ ಮೇಲೆ. ವಿಲ್ಸನ್ ಗಾರ್ಡನ್ನಿನ ತಂಗಿಯ ಜೊತೆ ಇರಲು ಬಾಡಿಗೆ ಮನೆ ಬಿಟ್ಟಾಗಿತ್ತು. ಸಾಮಾನೆಲ್ಲ ಮೊದಲೇ ತಂಗಿಯ ಮನೆಗೆ ಹೋಗಿತ್ತು. ಹಿಮಾಲಯಕ್ಕೆ ಹೊರಡಲು, ರೈಲ್ವೆ ಸ್ಟೇಷನ್ನಿಗೆಂದು ತಿರುಮಲೇಶ ಆಟೋ ತಂದು ನಿಲ್ಲಿಸಿದರು.

"ಅಲ್ಲೇ ಸ್ನಾನ ಮುಗಿಸ್ಕೊಂಡು ಬನ್ನಿ," ಎಂದು ರೇಗಿಸುತ್ತಲೇ ಮನೆಯೊಡತಿ ಲಕ್ಷ್ಮಮ್ಮ ಕಣ್ಣೊರೆಸಿಕೊಂಡರು.

"ಗೀಜರ್ ನಿಮಗೇ ಇರ್ಲಿ ಲಕ್ಷ್ಮಮ್ಮ. ತಿಪ್ಪಣ್ಣ ಬಂದ್ರೆ ಹೇಳಿ, ಅವನಿಗೆ ಆ ಬುಗ್ಗೆಯ ಸುಣ್ಣಗಲ್ಲು ತರ್ತೀನಿ ಅಂತ."

ಸತ್ಯಭಾಮಾ ಬೀಗದ ಕೈಯನ್ನು ಲಕ್ಷ್ಮಮ್ಮನ ಅಂಗೈಗಿಟ್ಟರು. ಬಗ್ಗಿ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು, ಹಳೆಯ ನಕ್ಷೆಯ ಸುರುಳಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಮೆಟ್ಟಿಲಿಳಿದರು.